ಬದನೆಕಾಯಿ ಬಣ್ಣದ ಫೋಟೋಗಳು

ನಮ್ಮ ಸ್ಟುಡಿಯೋಕ್ಕೆ ಬರುತ್ತಿದ್ದ ಗಿರಾಕಿಗಳು ಕುರ್ಚಿಯ ಮೇಲೆ ಕೂರುವ ಮೊದಲೇ ಬಣ್ಣದ ಮಾತು ತೆಗೆಯುತ್ತಿದ್ದರು. ಬೇರೆಯವರ ಮನೆಯಲ್ಲಿ ನೋಡಿದ ಯಾವುದೋ ಫೋಟೋವನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದಿರುತ್ತಿದ್ದರು. ಎಳೆ ಬದನೆಕಾಯಿಯ ಸಿಪ್ಪೆಗೆ ಇರುತ್ತದಲ್ಲ, ಅಂಥ ಬಣ್ಣವೇ ಬರಬೇಕು ಎಂದು ಮರಾಠಿಯಲ್ಲಿ ಹೇಳುತ್ತಿದ್ದರು. ಮಾಲೀಕರು ಒಳಗಿದ್ದ ನನ್ನ ಕಡೆ ಕೈ ಮಾಡಿ, ಅದು ಇವನ ಕೈಗುಣ ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿ ನಗುತ್ತಿದ್ದೆ. ತಗ್ಗುತ್ತಿದ್ದದ್ದು ತಲೆ ಮಾತ್ರ.

ಸ್ಟುಡಿಯೋ ಪುಣೆಯಲ್ಲಿ ದಂಡು ಬೀಡುಬಿಟ್ಟಿದ್ದ ಕ್ಯಾಂಪಿನಲ್ಲಿತ್ತು. ಜರ್ಮನಿಯೊಡನೆ ಮೊದಲ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳು. ಮಾಲೀಕರು ಬೆಳಗಾವಿಯವರು, ನಾನು ಗದಗಿನ ಕಡೆಯವನು. ಗಾಜಿನ ಮಾಡಿನ ದೊಡ್ಡ ಕೋಣೆಯಲ್ಲಿ ಅವರು ಚಿತ್ರ ತೆಗೆಯುತ್ತಿದ್ದರು. ಚಿತ್ರ ಮೂಡಿದ ಗಾಜಿನ ಪ್ಲೇಟು ತೊಳೆದು ಒಣಗಿದ ಮೇಲೆ ನನ್ನ ಕೆಲಸ ಶುರುವಾಗುತ್ತಿತ್ತು. ಪಲ್ಟನ್ನುಗಳು ಬೊಂಬಾಯಿಗೆ ಹೋಗಿ ಹಡಗು ಹತ್ತುವ ಮೊದಲು ಸಿಪಾಯಿಗಳೂ ಅವರ ಜೊತೆ ಹೋಗುವ ಕಾರಕೂನರೂ ಅಡುಗೆಯವರೂ ಗುಂಪುಗುಂಪಾಗಿ ಬರುತ್ತಿದ್ದರು. ಮನೆಯಲ್ಲಿ ಬಿಟ್ಟು ಹೋಗಲು ಅವರಿಗೆ ತಮ್ಮದೊಂದು ಮುಖ ಬೇಕಾಗಿತ್ತು. ಮುಂದೆ ಆದದ್ದು ಅರ್ಥವಾಗಬೇಕಾದರೆ ಆ ಮುಖ ಕಾಗದದ ಮೇಲೆ ಮೂಡುತ್ತಿದ್ದ ರೀತಿಯನ್ನು ಇಲ್ಲಿ ಹೇಳಲೇಬೇಕು.

ಆಗ ನಾವು ಬಳಸುತ್ತಿದ್ದದ್ದು ಬಿಸಿಲಿಗೆ ತಾನೇ ಕಪ್ಪಾಗುವ ಬೆಳ್ಳಿಯ ಕಾಗದ. ಮರದ ಚೌಕಟ್ಟಿನಲ್ಲಿ ಗಾಜಿನ ಪ್ಲೇಟನ್ನಿಟ್ಟು, ಅದಕ್ಕೆ ಕಾಗದವನ್ನು ಒತ್ತಿ, ಮಾಳಿಗೆಯ ಮೇಲೆ ಬಿಸಿಲಿಗೆ ಸಾಲಾಗಿ ಇಡುತ್ತಿದ್ದೆ. ಚೌಕಟ್ಟಿನ ಹಿಂಬದಿಯ ಹಲಗೆ ನಡುವೆ ಮಡಚಿಕೊಳ್ಳುತ್ತಿತ್ತು. ಅರ್ಧ ತೆಗೆದು ಚಿತ್ರ ಎಷ್ಟು ಏರಿದೆ ಎಂದು ನೋಡಬಹುದಾಗಿತ್ತು. ಬೇಕಾದ್ದಕ್ಕಿಂತ ಕೊಂಚ ಹೆಚ್ಚು ಕಪ್ಪಾಗುವ ತನಕ ಬಿಡಬೇಕು, ಯಾಕೆಂದರೆ ಮುಂದಿನ ಪ್ರತಿ ನೀರಿನಲ್ಲೂ ಅದು ಇಳಿಯುತ್ತದೆ. ಆಮೇಲೆ ನೆರಳಿಗೆ ತಂದು, ಹಾಲಿನಂತೆ ಬಿಳುಪಾಗುವ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಆಗ ಚಿತ್ರಕ್ಕೆ ಹಸಿ ಇಟ್ಟಿಗೆಯ ಬಣ್ಣ ಇರುತ್ತದೆ. ನಂತರ ಬಂಗಾರದ ಲವಣ ಕರಗಿಸಿದ ನೀರು. ಪಿಂಗಾಣಿ ತಟ್ಟೆಯನ್ನು ಮೆಲ್ಲಗೆ ತೂಗುತ್ತಿದ್ದರೆ ಬಂಗಾರ ಬೆಳ್ಳಿಯ ಮೇಲೆ ಕೂರುತ್ತ ಹೋಗಿ, ಇಟ್ಟಿಗೆ ಬಣ್ಣ ಕಂದಾಗಿ, ಕಂದು ನೇರಳೆಗೆ ತಿರುಗುತ್ತದೆ. ಸರಿಯಾದ ಗಳಿಗೆಯಲ್ಲಿ ಎತ್ತಿ, ಬೇರೆ ತಟ್ಟೆಯಲ್ಲಿ ಹೈಪೋ ಎಂಬ ಗಂಧಕದ ಉಪ್ಪಿನ ನೀರಿಗೆ ಹಾಕಿದರೆ ಚಿತ್ರ ಮುಂದೆ ಕಪ್ಪಾಗದೆ ನಿಲ್ಲುತ್ತದೆ. ಕೊನೆಗೆ ಮತ್ತೆ ತೊಳೆಯುವುದು. ತೊಳೆದಷ್ಟೂ ಒಳ್ಳೆಯದು.

ಯುದ್ಧ ಶುರುವಾದ ಮೇಲೆ ಬಂಗಾರದ ಲವಣ ಸಿಗುವುದು ಕಷ್ಟವಾಯಿತು. ಗಿರಾಕಿಗಳು ಮಾತ್ರ ಹೆಚ್ಚಿದರು, ಅದೂ ಎಲ್ಲರಿಗೂ ಪಲ್ಟನ್ನು ಹೊರಡುವುದರೊಳಗೆ ಬೇಕು. ಆಗ ಮಾಲೀಕರು ಬೊಂಬಾಯಿಯ ಇನ್ನೊಂದು ಸ್ಟುಡಿಯೋದವರಿಂದ ಹೊಸ ಪಾಕ ಕೇಳಿಕೊಂಡು ಬಂದರು. ಬಂಗಾರ, ಹೈಪೋ, ಪಟಿಕ, ಒಂದಿಷ್ಟು ಸೀಸದ ಲವಣ ಎಲ್ಲವನ್ನೂ ಒಂದೇ ನೀರಿನಲ್ಲಿ ಕೂಡಿಸುವುದು. ನಾವು ಅದನ್ನು ಜೋಡು ನೀರು ಎಂದು ಕರೆದೆವು. ಚಿತ್ರವನ್ನು ಒಮ್ಮೆ ಮುಳುಗಿಸಿದರೆ ಬಣ್ಣವೂ ಏರಿತು, ನಿಲ್ಲುವುದೂ ಆಯಿತು. ಬಂಗಾರ ಹಿಂದಿನ ಅರ್ಧದಷ್ಟೂ ಬೇಕಾಗುತ್ತಿರಲಿಲ್ಲ. ಒಂದೇ ನೀರಿನಲ್ಲಿ ಎಷ್ಟು ಚಿತ್ರ ಅದ್ದಿದರೂ ಬಣ್ಣ ಬರುತ್ತಲೇ ಇತ್ತು, ನೀರು ಹಳೆಯದಾದಷ್ಟೂ ಇನ್ನೂ ಸೊಗಸಾಗಿ ಬರುತ್ತಿತ್ತು. ಬದನೆಕಾಯಿ ಬಣ್ಣ ಎಂದು ಊರಿನವರು ಹೊಗಳಿದ್ದು ಇದನ್ನೇ. ಅದು ನನ್ನ ಕೈಗುಣವೆಂದು ಮಾಲೀಕರು ಹೇಳಿದರು, ನಾನು ನಂಬಿದೆ.

ಮನೆಯಲ್ಲಿ ಹೆಂಡತಿ ಮಾತ್ರ ಊಟಕ್ಕೆ ಬಡಿಸುವಾಗ ಮೂಗು ಮುರಿಯುತ್ತಿದ್ದಳು. "ನಿಮ್ಮ ಕೈ ಯಾಕ ಹಿಂಗ ಕಡ್ಡಿಪೆಟ್ಟಿಗಿ ನಾತ ಹೊಡೀತಾವ? ಆ ಉಂಗುರಾ ಬ್ಯಾರೆ ಕರ‍್ರಗಾಗೇದ ನೋಡ್ರಿ," ಎನ್ನುತ್ತಿದ್ದಳು. ಮದುವೆಯಲ್ಲಿ ಮಾವ ಕೊಟ್ಟ ಬೆಳ್ಳಿಯ ಉಂಗುರ ಅದು. ಹುಣಸೆಹಣ್ಣು ಹಚ್ಚಿ ಉಜ್ಜಿ ಹಾಕಿಕೊಂಡೆ. ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ.

ಮಳೆಗಾಲ ಮುಗಿಯುತ್ತ ಬಂದಾಗ ಒಬ್ಬ ತಾಯಿ ಬಂದಳು. ಬಾಗಲಕೋಟೆ ಕಡೆಯಿಂದ ಬಂದು ಭವಾನಿ ಪೇಠೆಯಲ್ಲಿ ಬೆಲ್ಲದ ವ್ಯಾಪಾರ ಮಾಡುತ್ತಿದ್ದ ಮನೆತನದ ಹೆಂಗಸು. ಅವಳ ಒಬ್ಬನೇ ಮಗ ಪಲ್ಟನ್ನಿನ ಉಗ್ರಾಣದಲ್ಲಿ ಕಾರಕೂನನಾಗಿ, ಸಮುದ್ರದಾಚೆ ಲಡಾಯಿ ನಡೆಯುತ್ತಿದ್ದ ಬಸ್ರಾಕ್ಕೆ ಹೋಗಿದ್ದ. ಹಿಂದಿನ ಚಳಿಗಾಲ, ಹೋಗುವ ಮೊದಲು, ಖಾಕಿ ಕೋಟು ತೊಟ್ಟು, ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಮ್ಮಲ್ಲಿ ನಿಂತಿದ್ದ. ತಾಯಿ ಫೋಟೋವನ್ನು ಮಡಿಬಟ್ಟೆಯಲ್ಲಿ ಸುತ್ತಿ ತಂದಿದ್ದಳು.

"ನೀ ಕನ್ನಡದಾಂವ ಅಂತ ಕೇಳಿ ಬಂದೆ ತಮ್ಮಾ. ಇದನ್ನ ಸ್ವಲ್ಪ ನೋಡು. ನನ್ನ ಮಗನ ಮಾರಿ ಹೊಂಟದ."

ಬಟ್ಟೆ ಬಿಚ್ಚಿದೆ. ಬದನೆಕಾಯಿ ಬಣ್ಣ ಎಲ್ಲೂ ಇರಲಿಲ್ಲ. ಕೋಟು ಒಣಗಿದ ಎಲೆಯಂತಾಗಿತ್ತು. ಮುಖ ಹಳದಿಯಾಗಿ, ಹಿಂದಿನ ಪರದೆಯ ಜೊತೆ ಬೆರೆಯತೊಡಗಿತ್ತು. ಒಂದು ಕಿವಿಯ ಕಡೆ ಏನೂ ಉಳಿದಿರಲಿಲ್ಲ.

"ನಾಗರಪಂಚಮಿ ತನಕ ಚಲೋ ಇತ್ತಪಾ. ಈಗ ನೋಡಿದ್ರ ಮಂಜಿನ್ಯಾಗ ನಿಂತಂಗ ಕಾಣ್ತಾನ."

"ಎಲ್ಲೆ ಇಟ್ಟಿದ್ರಿ ಅವ್ವಾರ?"

"ದೇವರ ಜಗಲಿ ಮ್ಯಾಲೆ. ಮುಂದ ದಿನಾ ದೀಪ ಹಚ್ಚತೀವಿ."

ನನಗೆ ಉತ್ತರ ಸಿಕ್ಕಿತು ಅನ್ನಿಸಿತು. "ಅದ ನೋಡ್ರಿ ಮತ್ತ. ಎಣ್ಣಿ ದೀಪದ ಹೊಗಿ, ಕಾವು ಬಡದದ. ಫೋಟೋನ ದೀಪದ ಮುಂದ ಇಡಬಾರದ್ರಿ."

"ಖರೇನ?"

"ಖಾತ್ರಿರಿ ಅವ್ವಾರ. ನಾ ದಿನಾ ಇದ ಕೆಲಸ ಮಾಡಾಂವ."

ಅವಳು ಫೋಟೋವನ್ನು ಮತ್ತೆ ಸುತ್ತಿಕೊಂಡಳು. "ದೀಪ ಹಚ್ಚಾಕಿ ನಮ್ಮ ಸೊಸಿ," ಎಂದು ತನಗೇ ಹೇಳಿಕೊಂಡಂತೆ ಹೇಳಿದಳು. ನಾನು ಆ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಪ್ಲೇಟು ನಮ್ಮಲ್ಲೇ ಇದೆ, ಇನ್ನೊಂದು ಪ್ರತಿ ಮಾಡಿಕೊಡುತ್ತೇನೆ, ಎಂಟು ದಿನ ಬಿಟ್ಟು ಬರ್ರಿ ಎಂದು ಧೈರ್ಯ ಹೇಳಿ ಕಳಿಸಿದೆ.

ಪ್ಲೇಟು ನಮ್ಮಲ್ಲಿರಲಿಲ್ಲ. ಹಿಂದಿನ ಕೋಣೆಯ ಗೂಡುಗಳಲ್ಲಿ ಗಾಜುಗಳನ್ನು ನಿಲ್ಲಿಸಿ ಇಡುತ್ತಿದ್ದೆವು. ಪ್ರತಿಯೊಂದರ ಅಂಚಿನಲ್ಲಿ ಸೂಜಿಯಿಂದ ಹೆಸರು ಕೊರೆದಿರುತ್ತಿತ್ತು. ಆ ಚಳಿಗಾಲದ ಗೂಡು ಪೂರಾ ಖಾಲಿ. ಮಾಲೀಕರನ್ನು ಕೇಳಿದೆ.

"ದೇವರ ಪಟಕ್ಕ ಕಟ್ಟು ಹಾಕಾಂವಗ ಕೊಟ್ಟೆ," ಎಂದರು. "ಹೊರಗಿನ ಕಾಚ ಬರೂದ ನಿಂತದ. ಬಿಸಿನೀರಾಗ ತೊಳದ್ರ ಮಸಾಲಿ ಬಿಡ್ತದ, ಚಲೋ ಕಾಚ ಆಗ್ತದ. ಲಡಾಯಿಗೆ ಹೋದವರು ಫೋಟೋ ತಗೊಂಡು ಹ್ವಾದ್ರು. ಮತ್ಯಾರು ಬರ‍್ತಾರ ಪ್ಲೇಟ ಕೇಳಾಕ?"

ಅಂದರೆ ಆ ಹುಡುಗನ ಮುಖವಿದ್ದ ಗಾಜು ಈಗ ತಿಳಿಯಾಗಿ, ಯಾರ ಮನೆಯಲ್ಲೋ ದೇವರ ಪಟದ ಮುಂದೆ ಕೂತಿತ್ತು. ಎಂಟು ದಿನ ಬಿಟ್ಟು ಆ ತಾಯಿಗೆ ಏನು ಹೇಳುವುದೆಂದು ನಾನು ಚಿಂತೆ ಮಾಡುತ್ತಿದ್ದೆ. ಆದರೆ ಅವಳು ಬರಲೇ ಇಲ್ಲ.

ಎರಡು ತಿಂಗಳು ಕಳೆದ ಮೇಲೆ ಬಂದವನು ಶಿರೂರಿನ ಒಬ್ಬ ರೈತ. ಅವನ ತಮ್ಮ ಸಿಪಾಯಿಯಾಗಿ ಹೋಗಿ ತೀರಿಕೊಂಡಿದ್ದ. ಸರಕಾರದಿಂದ ಸುದ್ದಿ ಬಂದ ಮೇಲೆ ಮನೆಯವರು ಫೋಟೋ ಇಳಿಸಿ ನೋಡಿದಾಗ ಮುಖ ಗುರುತು ಸಿಗದಷ್ಟು ಹಳದಿಯಾಗಿತ್ತಂತೆ. ನಾನು ನನ್ನ ಅದೇ ಪ್ರಶ್ನೆ ಕೇಳಿದೆ, ದೀಪದ ಮುಂದೆ ಇಟ್ಟಿದ್ದಿರಾ ಎಂದು. ಅವನು ಮರಾಠಿಯಲ್ಲಿ ಹೇಳಿದ ಉತ್ತರದ ಅರ್ಥ ಇಷ್ಟು: ದೀಪವಿಲ್ಲ, ಒಲೆಯಿಲ್ಲ, ಬಿಸಿಲೂ ಇಲ್ಲ, ಪಡಸಾಲೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದೆವು, ಮುಟ್ಟಿದವರು ಯಾರೂ ಇಲ್ಲ. ಅವನು ಸಿಟ್ಟಾಗಿರಲಿಲ್ಲ. ಏನಾದರೂ ಮಾಡಬಹುದೇ ಎಂದಷ್ಟೇ ಕೇಳಿದ. ಅವನ ಫೋಟೋವನ್ನು ಇಟ್ಟುಕೊಂಡೆ. ಅವನು ಮೆಟ್ಟಿಲಿಳಿದು ಹೋದ ಮೇಲೆ ನಮ್ಮಲ್ಲೇ ಇದ್ದ ಚಿತ್ರಗಳನ್ನು ನೋಡಲು ಎದ್ದೆ.

ಅಂಗಡಿಯ ಮುಂದಿನ ಗಾಜಿನ ಕಪಾಟಿನಲ್ಲಿ ಮಾದರಿಯ ಚಿತ್ರಗಳಿದ್ದವು. ಒಬ್ಬ ಮುದುಕ, ಮುದುಕಿಯ ಚಿತ್ರ ಯುದ್ಧಕ್ಕೆ ಮೊದಲು ನಾನೇ ಎರಡು ತಟ್ಟೆಯ ಹಳೆಯ ಕ್ರಮದಲ್ಲಿ ಮಾಡಿದ್ದು. ವರ್ಷಗಟ್ಟಲೆ ಸಂಜೆಯ ಬಿಸಿಲು ತಿಂದರೂ ಅದರಲ್ಲಿ ಮುದುಕಿಯ ಮೂಗುತಿಯ ಹರಳು ಕೂಡ ಎಣಿಸುವಂತಿತ್ತು. ಜೋಡು ನೀರಿನಲ್ಲಿ ಮಾಡಿದ್ದ ಒಂದು ಮದುವೆಯ ಚಿತ್ರವನ್ನು ಕತ್ತಲಿರುವ ಖಾನೆಯಿಂದ ತೆಗೆದೆ. ವರನ ಬಾಸಿಂಗ ಅರಿಶಿನದ ಕಲೆಯಂತಾಗಿತ್ತು.

ಮರುದಿನ ಮಾಲೀಕರು ಇಲ್ಲದಾಗ ಒಂದು ಪರೀಕ್ಷೆ ಮಾಡಿದೆ. ಹೈಪೋ ಹಾಕಿದೆ, ಪಟಿಕ ಹಾಕಿದೆ, ಬಂಗಾರವನ್ನು ಒಂದು ಹನಿಯೂ ಹಾಕಲಿಲ್ಲ. ಪಟಿಕ ಬೀಳುತ್ತಲೇ ನೀರು ಹಾಲಿನಂತೆ ಕದಡಿತು. ಕಡ್ಡಿಪೆಟ್ಟಿಗೆಯ ವಾಸನೆ ಎದ್ದಿತು. ತಿಳಿಯಾದ ಮೇಲೆ ಹಸಿ ಇಟ್ಟಿಗೆ ಬಣ್ಣದ ಒಂದು ಪ್ರತಿಯನ್ನು ಅದರಲ್ಲಿ ಮುಳುಗಿಸಿ ತಟ್ಟೆ ತೂಗಿದೆ. ಬಣ್ಣ ಬರಬಾರದು ಎಂದು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ. ಅದು ಕಂದಾಯಿತು. ಕಂದಿನಿಂದ ಮೆಲ್ಲಗೆ ನೇರಳೆಯ ಕಡೆ ತಿರುಗಿತು. ನಾನು ಎಂದೂ ಮಾಡಿದ್ದಕ್ಕಿಂತ ಚೆಂದದ ಬದನೆಕಾಯಿ ಬಣ್ಣ ತಟ್ಟೆಯಲ್ಲಿ ಕೂತು ನನ್ನನ್ನು ನೋಡಿತು.

ಆ ಬಣ್ಣದಲ್ಲಿ ಬಂಗಾರವೇ ಇರಲಿಲ್ಲ. ಹೈಪೋವಿನಿಂದ ಬಿಟ್ಟ ಗಂಧಕ ಬೆಳ್ಳಿಯನ್ನು ತಿನ್ನುವಾಗ ಬರುವ ಬಣ್ಣ ಅದು. ನನ್ನ ಬೆರಳಿನ ಉಂಗುರವನ್ನು ಕಪ್ಪು ಮಾಡಿದ್ದೂ ಅದೇ. ಉಂಗುರದಲ್ಲಿ ತಿಂದಷ್ಟೂ ಬೆಳ್ಳಿಯಿತ್ತು. ಕಾಗದದ ಮೇಲೆ ಇರುವುದು ಒಂದು ಮುಖಕ್ಕೆ ಸಾಕಾಗುವಷ್ಟೇ. ಮಳೆಗಾಲದ ತೇವ ಸಿಕ್ಕ ಕೂಡಲೇ ಅದು ಉಳಿದ ಕೆಲಸ ಮುಗಿಸುತ್ತಿತ್ತು. ಗಿರಾಕಿಗಳು ಹೊಗಳಿದ್ದು, ಮಾಲೀಕರು ನನ್ನ ಕಡೆ ಕೈ ತೋರಿಸಿದ್ದು, ನಾನು ಉಬ್ಬಿದ್ದು, ಎಲ್ಲವೂ ಚಿತ್ರ ಕೊಳೆಯಲು ಶುರುವಾದ ಸೊಗಸಿಗೆ. ನಾನು ಒಬ್ಬನೇ ಇದ್ದೆ. ಆದರೂ ಯಾರೋ ಬಾಗಿಲಲ್ಲಿ ನಿಂತು ನೋಡುತ್ತಿದ್ದಾರೆ ಎನ್ನುವಂತೆ ಮುಖ ಬಿಸಿಯಾಯಿತು.

ಮಾಲೀಕರಿಗೆ ತಟ್ಟೆಯನ್ನೇ ತೋರಿಸಿದೆ. ಇದರಲ್ಲಿ ಬಂಗಾರದ ಹನಿಯೂ ಇಲ್ಲ ಎಂದೆ. ಅವರು ಬಗ್ಗಿ ತಟ್ಟೆಯನ್ನು ಮೂಸಿ ನೋಡಿದರು.

"ಬೊಂಬಾಯ್ದಾಗ ಎಲ್ಲಾರೂ ಇದನ್ನ ಮಾಡ್ಲಿಕತ್ತಾರ," ಎಂದರು.

"ಬೊಂಬಾಯಿ ಮಂದಿ ನಮ್ಮ ಅಂಗಡೀಗೆ ಬರೂದಿಲ್ರಿ. ಇವರು ಬರ‍್ತಾರ."

"ಬಂದವರಿಗೆ ತ್ಯಾವಾ ಅಂತ ಹೇಳು. ಸುಳ್ಳಲ್ಲಲ್ಲ, ತ್ಯಾವಾಕ್ಕ ಹೋಗೂದು."

"ನಾ ಆ ಅವ್ವಾರಿಗೆ ದೀಪ ಅಂದೀನ್ರಿ. ಅದ ತಪ್ಪಂತ ಹೇಳಾಕ ಹೋಗ್ಬೇಕು. ಹೋದ ಮ್ಯಾಲೆ ಖರೇ ಏನು ಅಂತ ಕೇಳ್ತಾರ."

ಅವರು ಹೋಗಬೇಡ ಎನ್ನಲಿಲ್ಲ. ಜೋಡು ನೀರಿನ ದೊಡ್ಡ ಜಾಡಿಯನ್ನು ನಾನು ಮೋರಿಗೆ ಸುರಿಯುವಾಗ ಬೆನ್ನು ತಿರುಗಿಸಿ ನಿಂತಿದ್ದರು.

ಭವಾನಿ ಪೇಠೆಯ ಆ ವಾಡೆಗೆ ಮಧ್ಯಾಹ್ನ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಿದ್ದೆ. ಪಡಸಾಲೆಯಲ್ಲಿ ಆ ತಾಯಿ ಬುಟ್ಟಿಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು, ಅವಳ ಗಂಡ ಬೆಲ್ಲದ ಪೆಂಟೆಗಳ ಪಕ್ಕ ಒರಗಿದ್ದರು. ಮೂಲೆಯಲ್ಲಿ ಹದಿನೇಳೋ ಹದಿನೆಂಟೋ ವಯಸ್ಸಿನ ಸೊಸೆ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಸೆರಗು ಎಳೆದುಕೊಂಡಳು. ತಾಯಿ ನನ್ನನ್ನು ಕೂರಿಸಿ, ಅವಲಕ್ಕಿ ತಂದಿಟ್ಟಳು.

"ನೀ ಹೇಳಿದಂಗ ಮಾಡೀನಿ ನೋಡು ತಮ್ಮಾ. ಆ ದಿನದಿಂದ ದೇವರ ಮನ್ಯಾಗ ದೀಪಾ ನಾನ ಹಚ್ಚತೀನಿ. ಫೋಟೋ ಪೆಟಗ್ಯಾಗ ಇಟ್ಟೀನಿ." ಆಮೇಲೆ ಮೂಲೆಯ ಕಡೆ ಗದ್ದ ಎತ್ತಿ ತೋರಿಸಿದಳು. "ಇಕೀಗೆ ಒಳಗ ಹೋಗಬ್ಯಾಡ ಅಂತ ಹೇಳೀನಿ. ಗಂಡನ ಮಾರೀನ ದೀಪಕ್ಕ ಹಿಡದಾಕಿ. ಬಸ್ರಾದಿಂದ ಕಾಗದಾ ಬರೂದೂ ನಿಂತದ. ಹೊಸಾ ಫೋಟೋಕ್ಕ ಬರಾಕ ಮನಸ್ಸ ಆಗಲಿಲ್ಲ."

ಸೊಸೆ ತಲೆ ಎತ್ತಲಿಲ್ಲ. ಮೊರದ ಮೇಲೆ ಕೈ ಮಾತ್ರ ಆಡುತ್ತಿತ್ತು. ನಾನು ಅವಲಕ್ಕಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. ನಾನು ಸಲೀಸಾಗಿ ಆಡಿದ ಒಂದು ಮಾತನ್ನು ಈ ಹುಡುಗಿ ತಿಂಗಳುಗಟ್ಟಲೆ ಹೊತ್ತುಕೊಂಡು ಕೂತಿದ್ದಳು. ನನಗೆ ಅದು ಗೊತ್ತೂ ಇರಲಿಲ್ಲ.

"ಅವ್ವಾರ, ದೀಪದ್ದು ತಪ್ಪಲ್ರಿ," ಎಂದೆ. "ನನಗ ಆವತ್ತ ಗೊತ್ತಿರಲಿಲ್ಲ. ಫೋಟೋ ನಾ ಮಾಡಿದ ನೀರಿನ್ಯಾಗ ಕೆಟ್ಟದ. ಮನೀಗೆ ಬರೂಕಿಂತ ಮೊದಲ ಕೆಟ್ಟಿತ್ತು. ದೇವರ ಜಗಲಿ ಮ್ಯಾಲಿಟ್ರೂ ಹೋಗ್ತಿತ್ತು, ಪೆಟಗ್ಯಾಗಿಟ್ರೂ ಹೋಗ್ತದ. ಇವರ ಕೈಯಿಂದ ಏನೂ ಆಗಿಲ್ಲ."

ತಾಯಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. "ಆವತ್ತ ಖಾತ್ರಿ ಅಂದಿದ್ದೆಲ್ಲಪಾ ನೀ. ದಿನಾ ಇದ ಕೆಲಸ ಮಾಡಾಂವ ಅಂದಿ."

"ಅಂದಿದ್ದೆ."

"ಇವತ್ತ ಹೇಳೂದು ಖಾತ್ರಿ ಅಂತ ನಾ ಹೆಂಗ ನಂಬಲಿ?"

ಮತ್ತೆ ಕಪ್ಪಾಗಿದ್ದ ನನ್ನ ಉಂಗುರ ತೆಗೆದು ಮುಂದಿಟ್ಟೆ. ಅದರ ಕರಿಯನ್ನು ತೋರಿಸಿ, ಇದೇ ನೀರು ಇದನ್ನು ಹೀಗೆ ಮಾಡಿತು, ನಿಮ್ಮ ಮಗನ ಫೋಟೋದ ಮೇಲೆ ಇದ್ದದ್ದೂ ಬೆಳ್ಳಿಯೇ ಎಂದು ತಿಳಿಯುವ ಹಾಗೆ ಹೇಳಿದೆ. ಅವಳ ಗಂಡ ಉಂಗುರವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು, ವ್ಯಾಪಾರಿ ಮಾಲು ನೋಡುವ ಹಾಗೆ. "ಖರೇ ಹೇಳ್ತಾನ," ಎಂದು ಹೆಂಡತಿಗೆ ಅಂದರು. ತಾಯಿ ಒಳಗೆ ಹೋಗಿ ಫೋಟೋ ತಂದು ನನ್ನ ಕೈಗೆ ಕೊಟ್ಟಳು. ಅದು ಇನ್ನಷ್ಟು ಹೋಗಿತ್ತು.

"ಹಂಗಾದ್ರ ಇದನ್ನ ತಿರುಗಿ ತಂದುಕೊಡು," ಎಂದಳು.

ಪ್ಲೇಟಿಲ್ಲ ಎನ್ನುವುದನ್ನೂ ಆಗಲೇ ಹೇಳಿದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಬೈಯದೆ ಫೋಟೋವನ್ನು ನನ್ನ ಕೈಯಲ್ಲೇ ಬಿಟ್ಟಳು.

ಮಾಸಿದ ಚಿತ್ರವನ್ನು ಮತ್ತೆ ಕಪ್ಪು ಮಾಡುವ ಒಂದು ದಾರಿ ಕೇಳಿ ಗೊತ್ತಿತ್ತು. ಪಾದರಸದ ಲವಣದಲ್ಲಿ ಅದ್ದಿ ಚಿತ್ರವನ್ನು ಮೊದಲು ಬಿಳಿ ಮಾಡುವುದು, ಆಮೇಲೆ ಇನ್ನೊಂದು ನೀರಿನಲ್ಲಿ ಹೊಸದಾಗಿ ಎಬ್ಬಿಸುವುದು. ಖಾನೆಯಲ್ಲಿದ್ದ ಆ ಮದುವೆಯ ಮಾದರಿಯ ಮೇಲೆ ಮಾಡಿ ನೋಡಿದೆ. ವಧೂವರರು ನನ್ನ ಕಣ್ಣೆದುರೇ ಬಿಳಿಯ ಕಾಗದದೊಳಗೆ ಹೋದರು. ಎಬ್ಬಿಸುವ ನೀರನ್ನು ಬದಲಿಸಿದೆ, ಬಿಸಿ ಮಾಡಿದೆ. ಬಾಸಿಂಗದ ಒಂದು ತುದಿ ಬೂದಿಯಂತೆ ಕಾಣಿಸಿತು, ಅಷ್ಟೇ. ಕಾಗದದಲ್ಲಿ ಬೆಳ್ಳಿಯೇ ಉಳಿದಿರಲಿಲ್ಲ. ಅದೇ ಪ್ರಯೋಗವನ್ನು ಆ ಹುಡುಗನ ಫೋಟೋದ ಮೇಲೆ ಮೊದಲು ಮಾಡಿದ್ದರೆ ಅದೂ ಹೀಗೆಯೇ ಹೋಗುತ್ತಿತ್ತು. ಅವಳು ಕೊಟ್ಟ ಚಿತ್ರವನ್ನು ಯಾವ ನೀರಿಗೂ ಹಾಕುವುದಿಲ್ಲ ಎಂದು ಅಲ್ಲೇ ನಿಶ್ಚಯ ಮಾಡಿದೆ. ಅದನ್ನು ಮುಟ್ಟದೆ ಏನು ಮಾಡಲು ಸಾಧ್ಯವೋ ಅಷ್ಟೇ.

ಮುಟ್ಟದೆ ಮಾಡುವುದೆಂದರೆ ಫೋಟೋದ ಫೋಟೋ ತೆಗೆಯುವುದು. ಕಣ್ಣಿಗೇ ಕಾಣದ್ದು ಕ್ಯಾಮೆರಾಕ್ಕೆ ಹೇಗೆ ಕಾಣುತ್ತದೆ ಎಂದು ಮೊದಲು ಅದನ್ನು ಕೈಬಿಟ್ಟಿದ್ದೆ. ಆದರೆ ಫೋಟೋವನ್ನು ಚಿತ್ರ ತೆಗೆಯುವ ಕೋಣೆಗೆ ಒಯ್ದು ಮೇಜಿನ ಮೇಲಿಟ್ಟಾಗ ನಿಂತಲ್ಲೇ ನಿಂತೆ. ಹೊರಗೆ ನೋಡಿದ್ದಕ್ಕಿಂತ ಮುಖ ಹೆಚ್ಚು ಗಟ್ಟಿಯಾಗಿ ಕಾಣುತ್ತಿತ್ತು. ಆ ಕೋಣೆಯ ಗಾಜಿನ ಮಾಡಿಗೆ, ಬಿಸಿಲಿನ ಉರಿ ತಗ್ಗಲೆಂದು, ಬಟ್ಟೆಗೆ ಹಾಕುವ ನೀಲಿಯನ್ನು ಬಳಿಸಿದ್ದರು. ನೀಲಿ ಬೆಳಕಿನಲ್ಲಿ ಹಳದಿ ಕಪ್ಪಾಗಿ ಕಾಣುತ್ತದೆ. ಆಗ ಹೊಳೆಯಿತು: ನಮ್ಮ ಪ್ಲೇಟುಗಳ ಕಣ್ಣೂ ಹಾಗೆಯೇ. ಹಳದಿ ಸೀರೆಯುಟ್ಟ ಮದುಮಗಳು ಚಿತ್ರದಲ್ಲಿ ಕರಿ ಸೀರೆ ಉಟ್ಟವಳಂತೆ ಬಂದಳೆಂದು ಎಷ್ಟು ಜನ ಜಗಳವಾಡಿದ್ದರು! ಆ ಪ್ಲೇಟುಗಳಿಗೆ ಹಳದಿ ಕಾಣುವುದೇ ಇಲ್ಲ. ಮುಖದಲ್ಲಿ ಉಳಿದ ಹಳದಿಯೆಲ್ಲ ಕಪ್ಪಾಗಿ ಬರಬೇಕು.

ಮಾಲೀಕರಿಗೆ ಹೇಳಿದೆ. ಹೊಸ ಪ್ಲೇಟುಗಳ ಒಂದೇ ಒಂದು ಪೆಟ್ಟಿಗೆ ಉಳಿದಿತ್ತು. ಅವರು ಅದರ ಮೇಲೆ ಕೈಯಿಟ್ಟುಕೊಂಡು ಕೂತರು.

"ನನಗ ಗೊತ್ತಿರಲಿಲ್ಲಪಾ," ಎಂದರು. "ಆದ್ರ ಗೊತ್ತಿರಬೇಕಾಗಿತ್ತು. ನೀರು ಹಳೇದಾದಷ್ಟು ಬಣ್ಣ ಚಲೋ ಬರ‍್ತದಂದ್ರ ಯಾಕಂತ ಕೇಳಬೇಕಾಗಿತ್ತು. ನಾ ಕೇಳಲಿಲ್ಲ, ನೀನೂ ಕೇಳಲಿಲ್ಲ. ಚಲೋ ಅನ್ನಸ್ತಿತ್ತಲ್ಲ."

ಅವರೇ ಎದ್ದು ಕ್ಯಾಮೆರಾ ಹೂಡಿದರು. ಫೋಟೋವನ್ನು ಹಲಗೆಗೆ ನಿಲ್ಲಿಸಿ, ಕರಿ ಬಟ್ಟೆಯೊಳಗೆ ತಲೆ ಹಾಕಿ, ಭೂತಗನ್ನಡಿಯಿಂದ ಕಣ್ಣಿನ ರೆಪ್ಪೆ ಹುಡುಕಿ ಹುಡುಕಿ ಸರಿ ಮಾಡಿದರು. ಮೊದಲ ಪ್ಲೇಟು ತೆಳುವಾಯಿತು. ಎರಡನೆಯದರಲ್ಲಿ ಕಾಗದದ ಕಲೆಗಳೇ ಎದ್ದವು. ಬೆಳಕನ್ನು ಒಂದೇ ಕಡೆಯಿಂದ ಬರುವಂತೆ ಪರದೆ ಎಳೆದು, ಇನ್ನೊಂದು ತೆಗೆದೆವು. ಕತ್ತಲೆ ಕೋಣೆಯ ಕೆಂಪು ಬೆಳಕಿನಲ್ಲಿ ಅದು ತಟ್ಟೆಯೊಳಗೆ ಮೂಡತೊಡಗಿದಾಗ ಮಾಲೀಕರು ನನ್ನ ಭುಜ ಹಿಡಿದುಕೊಂಡರು. ಕೋಟಿನ ಗುಂಡಿ ಬಂತು, ಕುರ್ಚಿ ಬಂತು, ಮುಖ ಬಂತು. ಹಣೆಯ ಮೇಲಿನ ಒಂದು ಭಾಗವೂ ಕಿವಿಯೂ ಬರಲಿಲ್ಲ. ಅವು ಕಾಗದದಲ್ಲೇ ಸತ್ತಿದ್ದವು.

ಉಳಿದದ್ದನ್ನು ಪೆನ್ಸಿಲಿನಿಂದ ತಿದ್ದಬೇಕಾಗಿತ್ತು. ಇಷ್ಟು ದಿನ ನಾನು ಮುಖಗಳನ್ನು ಮನಸ್ಸಿಗೆ ಬಂದಂತೆ ತಿದ್ದಿದವನು, ಕಲೆ ಅಳಿಸಿ, ಗಲ್ಲ ನುಣುಪು ಮಾಡಿದವನು. ಈ ಸಲ ಧೈರ್ಯ ಬರಲಿಲ್ಲ. ಒಂದು ಪರೀಕ್ಷಾ ಪ್ರತಿ ಮಾಡಿ ಮತ್ತೆ ಆ ಮನೆಗೆ ಹೋದೆ. ತಾಯಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

"ಹಣಿ ಮ್ಯಾಲೆ, ಈ ಹುಬ್ಬಿನ ಕಡೆ ಹೆಂಗದ ಹೇಳ್ರಿ ಅವ್ವಾರ. ನಾ ಹಂಗ ತಿದ್ದತೀನಿ."

"ಹೆಂಗಂದ್ರ? ಹುಬ್ಬು ಇದ್ದಂಗ ಅದ," ಎಂದಳು. ಮತ್ತೆ ನೋಡಿದಳು. "ಸ್ವಲ್ಪ ದಪ್ಪ. ಇಲ್ಲ, ತೆಳ್ಳಗ..." ಅವಳು ಬೆರಳಿನಿಂದ ತನ್ನದೇ ಹುಬ್ಬನ್ನು ಸವರಿಕೊಂಡಳು. "ಅಯ್ಯ ಶಿವನ, ನನಗ ನೆಪ್ಪಾಗವಲ್ದು."

ಬಾಗಿಲ ಮರೆಯಲ್ಲಿ ನಿಂತಿದ್ದ ಸೊಸೆ ಒಂದು ಹೆಜ್ಜೆ ಮುಂದೆ ಬಂದಳು. ಮಾವನೂ ನಾನೂ ಇದ್ದುದರಿಂದ ಅತ್ತೆಯ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು. ತಾಯಿ ಅವಳ ಮುಖವನ್ನೇ ನೋಡಿದಳು.

"ಹೌದು," ಎಂದಳು ನಿಧಾನವಾಗಿ. "ಹುಬ್ಬಿನ ನಡುವ ಕೂದಲಾ ಇಲ್ಲ. ಸಣ್ಣಾವಿದ್ದಾಗ ಬೆಲ್ಲದ ಗಾಣದ ಕಟ್ಟಿಗಿ ಬಡದಿತ್ತು. ಹೆತ್ತಾಕಿ ನಾ ಮರತೆ, ಇಕೀ ನೆಪ್ಪಿಟ್ಟಾಳ." ಆಮೇಲೆ ಸೊಸೆಯ ಕೈಯನ್ನು ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. "ಇನ್ನೇನೇನು ಅದ ಎಲ್ಲಾ ಹೇಳವ್ವ, ಅವಗ ಹೇಳು."

ಹುಡುಗಿ ಅತ್ತೆಗೆ ಹೇಳಿದಳು, ಅತ್ತೆ ನನಗೆ ಹೇಳಿದಳು. ಕಿವಿಯ ಹಾಲೆ ಗಲ್ಲಕ್ಕೆ ಅಂಟಿದಂತಿದೆ. ಹಣೆಯ ಕೂದಲು ಒಂದು ಕಡೆ ಸುಳಿ ತಿರುಗಿದೆ. ನಾನು ಅಲ್ಲೇ ಕೂತು ಪ್ರತಿಯ ಮೇಲೆ ಗುರುತು ಮಾಡಿಕೊಂಡೆ. ನಾನು ಹೊರಡುವಾಗ ದೇವರ ಮನೆಯ ಹೊಸ್ತಿಲ ಮೇಲೆ ದೀಪದ ಎಣ್ಣೆಯ ಗಿಂಡಿ ಇತ್ತು. ತಾಯಿ ಅದನ್ನು ಕಾಲಿಗೆ ತಾಗದಂತೆ ಎತ್ತಿ ಸೊಸೆಯ ಕೈಗೆ ಕೊಟ್ಟಳು. ನಾನು ನೋಡದವನಂತೆ ಮೆಟ್ಟಿಲಿಳಿದೆ.

ಕೊನೆಯ ಪ್ರತಿಯನ್ನು ಬದನೆಕಾಯಿ ಬಣ್ಣದಲ್ಲಿ ಮಾಡಲಿಲ್ಲ. ಕತ್ತಲೆ ಕೋಣೆಯಲ್ಲಿ ಎಬ್ಬಿಸುವ, ಚಿತ್ರ ಕಪ್ಪು ಬಿಳುಪಾಗಿ ಬರುವ ಕಾಗದದ ಮೇಲೆ ಮಾಡಿ, ಹೊಸ ಹೈಪೋವಿನಲ್ಲಿ ನಿಲ್ಲಿಸಿ, ತೊಟ್ಟಿಯ ನೀರನ್ನು ಮತ್ತೆ ಮತ್ತೆ ಬದಲಿಸಿ ತೊಳೆದೆ. ತಾಯಿ ನೋಡಿ, "ಬಣ್ಣ ಇಲ್ಲಲ್ಲಪಾ?" ಎಂದಳು. ಬಣ್ಣ ಬೇಡ, ಇದು ಉಳಿಯುತ್ತದೆ ಎಂದೆ. ಖಾತ್ರಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಉಳಿದ ಜನರ ವಿಷಯದಲ್ಲಿ ನನಗೂ ಮಾಲೀಕರಿಗೂ ಕೆಲವು ದಿನ ಮಾತು ಬೆಳೆಯಿತು. ಅಂಗಡಿಯ ಮುಂದೆ ಹಲಗೆ ಬರೆದು ಹಾಕಬೇಕು ಎಂದು ನಾನು, ಹಾಕಿದರೆ ನಾಳೆಯಿಂದ ಯಾರೂ ಬರುವುದಿಲ್ಲ ಎಂದು ಅವರು. ಹಾಗಾದರೆ ನಾನೇ ಮನೆಮನೆಗೆ ಹೋಗುತ್ತೇನೆ, ಒಂದು ಮನೆಯಲ್ಲಿ ಆದದ್ದನ್ನು ಕಣ್ಣಾರೆ ನೋಡಿದ್ದೇನೆ ಎಂದೆ. ಕೊನೆಗೆ ಹಲಗೆಯನ್ನು ಅವರೇ ಬರೆದರು: ಯುದ್ಧ ಶುರುವಾದ ಮೇಲೆ ಇಲ್ಲಿ ಮಾಡಿದ ಫೋಟೋಗಳು ಅಂಗಡಿಯ ತಪ್ಪಿನಿಂದ ಮಾಸುತ್ತಿವೆ, ಮಳೆಗಾಲದ ಮೊದಲು ತಂದುಕೊಡಿ. ಹಾದುಹೋಗುವವರು ನಿಂತು ಓದುತ್ತಿದ್ದರು. ಕೆಲವರು ಒಳಗೆ ನನ್ನ ಕಡೆ ಬಗ್ಗಿ ನೋಡಿ ಹೋಗುತ್ತಿದ್ದರು. ಮದುವೆಯ ಗಿರಾಕಿಗಳು ನಿಜಕ್ಕೂ ಬೇರೆ ಸ್ಟುಡಿಯೋಗಳಿಗೆ ಹೋದರು. ಚಿತ್ರ ತಂದವರಲ್ಲಿ ಪ್ಲೇಟು ಉಳಿದವರಿಗೆ ಹೊಸ ಪ್ರತಿ ಮಾಡಿದೆವು, ಉಳಿಯದವರಿಗೆ ನೀಲಿ ಮಾಡಿನ ಕೆಳಗೆ ಪ್ರತಿ ತೆಗೆದೆವು. ಕೆಲವು ಕಾಗದಗಳಲ್ಲಿ ಹಳದಿಯೂ ಉಳಿದಿರಲಿಲ್ಲ. ಶಿರೂರಿನ ರೈತನ ತಮ್ಮನದು ಅಂಥದ್ದು. ಅದನ್ನು ಅವನ ಕೈಗೆ ಹಾಗೆಯೇ ವಾಪಸು ಕೊಡಬೇಕಾಯಿತು. ಅವನು ಖಾಲಿ ಕಾಗದವನ್ನು ಜೋಪಾನವಾಗಿ ಬಟ್ಟೆಯಲ್ಲಿ ಸುತ್ತಿಕೊಂಡು, ನಮಸ್ಕಾರ ಮಾಡಿ ಹೋದ. ಆ ನಮಸ್ಕಾರವನ್ನು ತೆಗೆದುಕೊಳ್ಳಲು ನನ್ನ ಕೈ ಮೇಲೇಳಲಿಲ್ಲ.

ಬಸ್ರಾಕ್ಕೆ ಹೋಗಿದ್ದ ಮಗ ಜ್ವರ ಬಂದು ಅಲ್ಲಿನ ಆಸ್ಪತ್ರೆಯಲ್ಲಿ ಬಹಳ ಕಾಲ ಬಿದ್ದಿದ್ದನಂತೆ. ಯುದ್ಧ ಮುಗಿದ ಮೇಲೆ ಬಡಕಲಾಗಿ ತಿರುಗಿ ಬಂದ. ಒಂದು ದಿನ ಮನೆಯವರೆಲ್ಲ ನಮ್ಮ ಸ್ಟುಡಿಯೋಕ್ಕೆ ಬಂದರು. ಮಗ, ಸೊಸೆಯ ಫೋಟೋ ತೆಗೆಸಬೇಕಂತೆ. ಆ ಊರಲ್ಲಿ ಇಷ್ಟು ಸ್ಟುಡಿಯೋಗಳಿರುವಾಗ ಇಲ್ಲಿಗೇ ಯಾಕೆ ಬಂದರು ಎಂದು ಕೇಳುವ ಬಾಯಿ ನನಗಿರಲಿಲ್ಲ. ಮಾಲೀಕರು ಇಬ್ಬರನ್ನೂ ನಿಲ್ಲಿಸಿ ಚಿತ್ರ ತೆಗೆದರು. ನಾನು ಪ್ಲೇಟು ತೆಗೆದುಕೊಳ್ಳಲು ಹತ್ತಿರ ಹೋದಾಗ ತಾಯಿ ಮಗನಿಗೆ, "ಇಂವನ ನೋಡು, ನಿನ್ನ ಮಾರಿ ತೆಗದಾಂವ," ಎಂದಳು. ತೆಗೆದವನು ಎಂದರೆ ಅಳಿಸಿದವನು ಎಂದೂ ಆಗುತ್ತದೆ, ಮಾಡಿದವನು ಎಂದೂ ಆಗುತ್ತದೆ. ಯಾವ ಅರ್ಥದಲ್ಲಿ ಹೇಳಿದಳೋ ತಿಳಿಯಲಿಲ್ಲ.

"ಈ ಸಲ ಚಲೋ ತೊಳದು ಮಾಡ್ತೀನ್ರಿ," ಎಂದೆ, ಯಾರ ಮುಖವನ್ನೂ ನೋಡದೆ.

ಆಗ ಸೊಸೆ ಮಾತಾಡಿದಳು. ಅತ್ತೆಯ ಕಿವಿಯಲ್ಲಿ ಅಲ್ಲ, ನನಗೇ.

"ಈ ಸಲ ಮಾಸಿದ್ರೂ ಚಿಂತಿ ಇಲ್ರಿ ಅಣ್ಣಾರ. ಅವರು ಮನ್ಯಾಗ ಅದಾರ."

ಎಲ್ಲರೂ ನಕ್ಕರು. ಮಾಲೀಕರೂ ನಕ್ಕರು. ನಾನೂ ನಗಲು ನೋಡಿದೆ, ಖಾಲಿ ಕಾಗದ ಸುತ್ತಿಕೊಂಡು ಹೋದ ರೈತ ನೆನಪಾಗಿ ಆಗಲಿಲ್ಲ. ಪ್ಲೇಟನ್ನು ಎದೆಗೆ ಹಿಡಿದುಕೊಂಡು ಕತ್ತಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.